ಹಳೆಯ ಸಿನಿಮಾ ಪೋಸ್ಟರುಗಳು

1934ರ ಮಾರ್ಚ್ ತಿಂಗಳಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬೆಂಗಳೂರಿನಲ್ಲಿ ತೆರೆ ಕಂಡಿತು. ವೈ. ವಿ. ರಾವ್ ನಿರ್ದೇಶಕರು, ಸುಬ್ಬಯ್ಯ ನಾಯುಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ನಾಗೇಂದ್ರರಾಯರು ರಾವಣ. ಇಷ್ಟೆಲ್ಲ ಬಲ್ಲೆವು, ಚಿತ್ರವನ್ನು ಮಾತ್ರ ನೋಡಲಾರೆವು. ಅದರ ಪ್ರತಿ ಉಳಿದುಬಂದಿಲ್ಲ. 1931ರ ‘ಆಲಂ ಆರಾ’, ಭಾರತದ ಮೊದಲ ವಾಕ್ಚಿತ್ರ, ಅದಕ್ಕೂ ಇದೇ ಗತಿ. ಚಿತ್ರವೇ ಅಳಿದ ಮೇಲೆ ಸಾಕ್ಷಿ ಹೇಳಬೇಕಾದವು ಕೆಲವು ಛಾಯಾಚಿತ್ರಗಳು, ಹಾಡಿನ ಪುಸ್ತಕಗಳು, ಪೋಸ್ಟರುಗಳು.

ಪೋಸ್ಟರು ಹುಟ್ಟುವಾಗಲೇ ಅಲ್ಪಾಯು. ಒಂದರ ಮೇಲೆ ಮುಂದಿನ ವಾರ ಇನ್ನೊಂದು. ನಡುವೆ ಮಳೆ, ಬಿಸಿಲು, ಮೈದಾ ಸರಿಯ ರುಚಿ ಹತ್ತಿದ ಬೀದಿಯ ಹಸು. ಆದ್ದರಿಂದ ಇಂದು ದೊರೆಯುವವು ಬಹುಮಟ್ಟಿಗೆ ಗೋಡೆಯನ್ನೇ ಕಾಣದವು. ಹಂಚಿಕೆದಾರರ ಉಗ್ರಾಣದಲ್ಲೋ ಟೆಂಟಿನ ಯಜಮಾನರ ಅಟ್ಟದಲ್ಲೋ ಮಡಿಸಿಟ್ಟವು. ಮಡಿಕೆಯ ಗೆರೆ ಕಂಡು ಹೀಗಳೆಯಬೇಡಿ. ಅದು ಅವುಗಳ ಕುಲಲಕ್ಷಣ.

ಮೂಲವೋ ಮರುಮುದ್ರಣವೋ ಎಂದು ತಿಳಿಯುವ ಬಗೆ ಹೇಗೆ? ಓಲೆಗರಿಯ ಗ್ರಂಥ ಕೈಗೆ ಬಂದರೆ ಪಂಡಿತರು ಮೊದಲು ಕೊನೆಯ ಗರಿಯನ್ನು ನೋಡುತ್ತಾರೆ. ಬರೆದವನಾರು, ಎಂದು ಬರೆದ ಎಂಬುದು ಅಲ್ಲಿರುವುದುಂಟು. ಪೋಸ್ಟರಿನ ಕೆಳ ಅಂಚೂ ಹಾಗೆಯೇ. ಮುದ್ರಕನ ಹೆಸರು, ಮುದ್ರಿಸಿದ ಊರು ಕಾಗದದ ಮೇಲೆ ಇರಬೇಕೆಂದು 1867ರ ಮುದ್ರಣ ಕಾಯಿದೆ ವಿಧಿಸಿತ್ತು. ಆ ಸಣ್ಣ ಸಾಲನ್ನು ಮೊದಲು ಓದಿ. ಬಳಿಕ ಭೂತಗನ್ನಡಿ ಹಿಡಿಯಿರಿ. ಹಳೆಯ ಕಲ್ಲಚ್ಚಿನಲ್ಲಿ ಬಣ್ಣ ಮರಳು ಹರಡಿದಂತೆ ಅಂಕೆಯಿಲ್ಲದೆ ಕಾಣುತ್ತದೆ. ಆಫ್‌ಸೆಟ್ಟಿನಲ್ಲಿ ಸಾಲುಹಿಡಿದ ಚುಕ್ಕಿಗಳು. ಚುಕ್ಕಿ ಕಂಡೊಡನೆ ನಕಲೆನ್ನಬಾರದು, ಆಫ್‌ಸೆಟ್ಟಿನಲ್ಲೇ ಅಚ್ಚಾದ ಮೂಲಗಳೂ ಉಂಟು.

ಮರುಬಿಡುಗಡೆಯ ತೊಡಕು ಬೇರೆ. ‘ಬೇಡರ ಕಣ್ಣಪ್ಪ’ 1954ರದು. ರಾಜಕುಮಾರರು ನಾಯಕರಾದ ಮೊದಲ ಚಿತ್ರ. ಅವರಿಗೆ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿದ್ದು 1976ರಲ್ಲಿ. ಹೆಸರಿನ ಮುಂದೆ ‘ಡಾ.’ ಎಂದಿರುವ ಪೋಸ್ಟರನ್ನು ಯಾರಾದರೂ 1954ರದೆಂದು ಮಾರಬಂದರೆ ನಕ್ಕು ಕಳುಹಿಸಬಹುದು. ಬೇರೆಯವರ ಗ್ರಂಥದ ಕಾಲನಿರ್ಣಯವನ್ನು ನಾವು ಮಾಡುವುದೂ ಹೀಗೆಯೇ ಅಲ್ಲವೆ?

ಇನ್ನು ರಕ್ಷಣೆ. ಅಗ್ಗದ ಕಾಗದದೊಳಗೇ ಆಮ್ಲವಿದೆ; ಬೆಳಕು ತಾಗಿದಷ್ಟೂ ಹಳದಿಯಾಗಿ ಹಪ್ಪಳದಂತೆ ಮುರಿಯುತ್ತದೆ. ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ. ಲ್ಯಾಮಿನೇಷನ್ ಮಾಡಿಸಿದರಂತೂ ಮುಗಿಯಿತು. ಶಾಖದಿಂದ ಹತ್ತಿದ ಪ್ಲಾಸ್ಟಿಕ್ಕನ್ನು ಕಾಗದ ಕೆಡದಂತೆ ಬಿಡಿಸುವುದು ಅಸಾಧ್ಯಪ್ರಾಯ. ಆಮ್ಲರಹಿತ ರಟ್ಟಿನ ಮೇಲೆ, ಪಾಲಿಯೆಸ್ಟರ್ ಹಾಳೆಯ ಹೊದಿಕೆಯಲ್ಲಿ, ತೇವವಿಲ್ಲದೆಡೆ ಚಪ್ಪಟೆಯಾಗಿಡಬೇಕು. ಹರಿದಿದ್ದರೆ ತಿಳಿದವರು ಹಿಂಬದಿಗೆ ತೆಳುವಾದ ಜಪಾನಿ ಕಾಗದವನ್ನು ಗೋಧಿಪಿಷ್ಟದ ಅಂಟಿನಿಂದ ಹಚ್ಚುತ್ತಾರೆ. ಆ ಅಂಟು ನೀರಿಗೆ ಬಿಡುತ್ತದೆ, ತಪ್ಪಾದರೆ ತಿದ್ದಬಹುದು. ದುಬಾರಿ ಪದಾರ್ಥಗಳಿಗಿಂತ ಈ ತಿದ್ದಿಕೊಳ್ಳುವ ಅನುಕೂಲವೇ ದೊಡ್ಡದು.

ಇದನ್ನು ನಾನು ಕಲಿತದ್ದು ತಡವಾಗಿ. ಪರಿಚಿತರೊಬ್ಬರು ಪ್ರೀತಿಯಿಂದ ಕೊಟ್ಟ ಪೌರಾಣಿಕ ಚಿತ್ರವೊಂದರ ಪೋಸ್ಟರಿಗೆ ಬುಡದಲ್ಲಿ ಬಿರುಕಿತ್ತೆಂದು ಸೆಲೋಟೇಪ್ ಅಂಟಿಸಿದ್ದೆ. ಕೆಲವು ವರ್ಷಗಳಲ್ಲಿ ಟೇಪು ಕಂದಿ ಜೇನಿನ ಬಣ್ಣಕ್ಕೆ ತಿರುಗಿತು. ಕೀಳಹೋದೆ, ಕೆಳಗಿನ ಸಾಲು ಅದರೊಡನೆಯೇ ಎದ್ದು ಬಂದಿತು. ರಥ, ಕುದುರೆ, ಬಿಲ್ಲು ಹಿಡಿದ ರಾಜಕುಮಾರ ಎಲ್ಲವೂ ಇಂದಿಗೂ ಸೊಗಸಾಗಿವೆ. ಎಲ್ಲಿ, ಯಾರು ಅಚ್ಚು ಹಾಕಿದರು ಎಂಬುದನ್ನು ಮಾತ್ರ ಆ ಹಾಳೆ ಇನ್ನು ಹೇಳಲಾರದು.