ದಂಡನಾಯಕರ ಸ್ನೇಹ

(ದೇವಲಾಪುರದ ಸಭೆಯಲ್ಲಿ ಮಾಡಿದ ಭಾಷಣ)



ದೇವಲಾಪುರದಲ್ಲಿ ನಿಂತು ರೋಮಿನ ಕಥೆ ಏಕೆ ಎಂದು ನೀವು ಕೇಳಬಹುದು. ನಮ್ಮ ಕಥೆಯೂ ಅದೇ ಆದುದರಿಂದ ಹೇಳುತ್ತೇವೆ.

ಉತ್ತರ ಆಫ್ರಿಕದಲ್ಲಿ ಬರ್ಬರರ ನುಮಿಡಿಯ ರಾಜ್ಯವಿತ್ತು. ಕ್ರಿಸ್ತಪೂರ್ವ 202ರಲ್ಲಿ ಅದರ ದೊರೆ ಮಾಸಿನಿಸ್ಸ ತನ್ನ ಕುದುರೆ ದಂಡನ್ನು ರೋಮಿನ ದಂಡನಾಯಕ ಸ್ಕಿಪಿಯೊವಿಗೆ ಕೊಟ್ಟು ಕಾರ್ಥೇಜನ್ನು ಸೋಲಿಸಿದ. ರೋಮ್ ಅವನನ್ನು ಮಿತ್ರನೆಂದು ಕರೆಯಿತು. ಅವನ ಮೊಮ್ಮಗ ಜುಗುರ್ಥ ರೋಮಿಗೆ ಎದುರಾದಾಗ, ಕ್ರಿಸ್ತಪೂರ್ವ 105ರಲ್ಲಿ, ಹೆಣ್ಣು ಕೊಟ್ಟ ಮಾವ ಬೊಕ್ಕಸನೇ ಅವನನ್ನು ಸುಲ್ಲನ ಕೈಗೆ ಹಿಡಿದುಕೊಟ್ಟ. ಕೂಲಿಯಾಗಿ ಅಳಿಯನ ನೆಲದಲ್ಲಿ ಒಂದು ಪಾಲು ಪಡೆದ. ಕ್ರಿಸ್ತಪೂರ್ವ 46ರಲ್ಲಿ ಸೀಜರನು ನುಮಿಡಿಯವನ್ನು ರೋಮಿನ ಪ್ರಾಂತವನ್ನಾಗಿ ಮಾಡಿದ. ಮುಂದೆ ಬೊಕ್ಕಸ ಆಳಿದ ಮೌರಿಟೇನಿಯಕ್ಕೂ ಅದೇ ಗತಿಯಾಯಿತು.

ಈಗ ನಮ್ಮ ಸೀಮೆಗೆ ಬನ್ನಿ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲೀಸ್ ಅರಕೆರೆಯ ಬಳಿ ಗೆದ್ದ. ಆದರೆ ದಂಡಿಗೆ ಅನ್ನವಿಲ್ಲ, ಎತ್ತುಗಳಿಗೆ ಮೇವಿಲ್ಲ. ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಿದ. ಮೇಲುಕೋಟೆಯ ಹತ್ತಿರ ಅವನ ಹೊಟ್ಟೆ ತುಂಬಿಸಿದ್ದು ಮರಾಠರ ದಂಡಿನ ಸಂತೆ! ಆ ಯುದ್ಧದಲ್ಲಿ ನಮ್ಮ ನಾಗಮಂಗಲವನ್ನು ಹಾಳುಗೆಡವಿದ್ದೂ ಮರಾಠರ ದಂಡೇ. 1792ರ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಹೋಯಿತು. 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು. ಇಬ್ಬರು ಮಕ್ಕಳು ಒತ್ತೆಯಾದರು. ಕುಂಪಣಿ, ನಿಜಾಮ, ಮರಾಠರು ನೆಲ ಹಂಚಿಕೊಂಡರು. ದಂಡದ ಹಣಕ್ಕೆ ಪ್ರಜೆಗಳ ಮೇಲೆ ವಂತಿಗೆ ಬಿತ್ತು.

1799ರ ಮೇ 4ರಂದು ಜನರಲ್ ಹ್ಯಾರಿಸ್‌ನ ದಂಡು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿತು. ಟಿಪ್ಪು ಹೋರಾಡುತ್ತ ಸತ್ತ. ನಾವು ಮೇಷ್ಟರಾಗಿದ್ದಾಗ ಮೀರ್ ಸಾದಕನ ದ್ರೋಹವೆಂದು ಹೇಳಿ ಪಾಠ ಮುಗಿಸುತ್ತಿದ್ದೆವು. ಮಕ್ಕಳಿಗೆ ನಾವು ಅರ್ಧ ಪಾಠ ಹೇಳಿದೆವು ಎಂದು ಈಗ ಒಪ್ಪಿಕೊಳ್ಳುತ್ತೇವೆ. ಒಬ್ಬ ದ್ರೋಹಿಯಿಂದ ರಾಜ್ಯ ಹೋಗುವುದಿಲ್ಲ. ನೆರೆಯವನ ಮನೆ ಸುಡುವಾಗ ಚಳಿ ಕಾಯಿಸಿಕೊಳ್ಳುವ ದೊರೆಗಳಿಂದ ಹೋಗುತ್ತದೆ.

ಆ ದೊರೆಗಳಿಗೆ ದಕ್ಕಿದ್ದೇನು? ಮೈಸೂರಿನಿಂದ ಪಡೆದ ನೆಲವನ್ನು ನಿಜಾಮ 1800ರಲ್ಲಿ ಕುಂಪಣಿಯ ದಂಡಿನ ಖರ್ಚಿಗೆಂದು ಒಪ್ಪಿಸಿದ. ಬಳ್ಳಾರಿ ಸೀಮೆ ಹೋದದ್ದು ಹಾಗೆ. ಪೇಶ್ವೆಯ ಗಾದಿ 1818ರಲ್ಲಿ ಮುಗಿಯಿತು.

ಮೈಸೂರಿಗೂ ‘ಮಿತ್ರ’ ಪದವಿ ಸಿಕ್ಕಿತು. ಐದು ವರ್ಷದ ಕೃಷ್ಣರಾಜ ಒಡೆಯರನ್ನು ಗಾದಿಯಲ್ಲಿ ಕೂರಿಸಿ, ವರ್ಷಕ್ಕೆ 7 ಲಕ್ಷ ವರಹ ಕಟ್ಟಬೇಕೆಂದು ಬರೆಸಿಕೊಂಡರು. ಆ ವರಹ ಯಾರ ಹೊಲದ್ದು? ರಾಗಿ ಬೆಳೆದವನದ್ದು. ಗುತ್ತಿಗೆದಾರರ ಕಂದಾಯದ ಕಾಟ ತಾಳದೆ 1830ರಲ್ಲಿ ನಗರದ ರೈತರು ಎದ್ದರು. ಕುಂಪಣಿಯ ದಂಡು ಅವರನ್ನು ಅಡಗಿಸಿತು. ರೈತರನ್ನು ಕಾಡಿದಿರಿ ಎಂಬ ನೆಪ ಹೇಳಿ 1831ರಲ್ಲಿ ಬೆಂಟಿಂಕ್ ದೊರೆಯಿಂದ ಆಡಳಿತವನ್ನೇ ಕಿತ್ತುಕೊಂಡ. ಅದು ಹಿಂದಕ್ಕೆ ಬಂದದ್ದು 1881ರಲ್ಲಿ, ಐವತ್ತು ವರ್ಷಗಳ ಮೇಲೆ.

ಬಲಿಷ್ಠನು ಸ್ನೇಹದ ಕಾಗದ ತಂದಾಗ ಸಹಿ ಹಾಕುವವರು ದೊರೆಗಳು, ಬೆಲೆ ತೆರುವವರು ನಾವು. ಮಕ್ಕಳಿಗೆ ಹೇಳದೆ ಬಿಟ್ಟ ಪಾಠದ ಉಳಿದರ್ಧ ಇದು. ನಿಮ್ಮ ಮಕ್ಕಳಿಗೆ ನೀವು ಪೂರ್ತಿ ಹೇಳಿರಿ.