ಗುಡ್ಡ ಹತ್ತುವ ಸೈಕಲ್ಲು: ತೂಕ ಇಳಿಸುವುದು ಎಲ್ಲಿಂದ?



ಹಾಲಿನ ಕ್ಯಾನು, ಹುಲ್ಲಿನ ಹೊರೆ ಎಲ್ಲವನ್ನೂ ಹೊತ್ತು ಸಾಗುವ ಕಪ್ಪು ಬಣ್ಣದ ಸೈಕಲ್ಲನ್ನು ನೀವೆಲ್ಲ ನೋಡಿದ್ದೀರಿ. ಅದರ ತೂಕ ಹೆಚ್ಚುಕಡಿಮೆ 20 ಕಿಲೋ. ಈ ಹೊತ್ತು ನಾನು ಹೇಳಹೊರಟಿರುವುದು ಅದರ ಅರ್ಧದಷ್ಟು ಮಾತ್ರ ತೂಗುವ ಇನ್ನೊಂದು ಸೈಕಲ್ಲಿನ ವಿಷಯ. ಕಲ್ಲು, ಬೇರು, ಕೆಸರು, ಏರು, ಇಳಿಜಾರು ಇವನ್ನೆಲ್ಲ ಒಂದೇ ಓಟದಲ್ಲಿ ದಾಟಬೇಕಾದ ‘ಕ್ರಾಸ್ ಕಂಟ್ರಿ’ ಮೌಂಟನ್ ಬೈಕು ಅದು. ಗೇರು ಇರುವ ದಪ್ಪ ಟೈರಿನ ಸೈಕಲ್ಲು ನಿಮ್ಮಲ್ಲಿ ಕೆಲವರ ಬಳಿ ಈಗಾಗಲೇ ಇರಬಹುದು. ಅದನ್ನು ಹಗುರ ಮಾಡಬೇಕೆಂಬ ಆಸೆಯೂ ಇರಬಹುದು. ಯಾವ ಭಾಗವನ್ನು ಮೊದಲು ಬದಲಿಸಬೇಕು, ಯಾವುದನ್ನು ಮುಟ್ಟಬಾರದು ಎಂದು ತಿಳಿಯದೆ ಕೈಹಾಕಿದರೆ ಹಣವೂ ಹೋಗುತ್ತದೆ, ಕೆಲವೊಮ್ಮೆ ಹಲ್ಲೂ ಹೋಗುತ್ತದೆ.

ಈ ಸೈಕಲ್ಲು ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ತಮಲ್ಪೈಸ್ ಬೆಟ್ಟದ ಸುತ್ತಮುತ್ತ. 1970ರ ದಶಕದಲ್ಲಿ ಅಲ್ಲಿನ ಯುವಕರು ನಲವತ್ತು ವರ್ಷ ಹಳೆಯ ಭಾರೀ ಸೈಕಲ್ಲುಗಳನ್ನು ಗುಡ್ಡದ ಮೇಲಿಂದ ಓಡಿಸುತ್ತಿದ್ದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಗಾಲಿಯ ಹಬ್ಬಿನೊಳಗೆ ಬ್ರೇಕು ಬೀಳುವ ಏರ್ಪಾಡು ಅವುಗಳದು. ಇಳಿದು ಬರುವಷ್ಟರಲ್ಲಿ ಹಬ್ಬು ಕಾದು ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸು ತುಂಬಬೇಕಿತ್ತು. ಹೀಗಾಗಿಯೇ ಆ ದಾರಿಗೆ ‘ರೀಪ್ಯಾಕ್’ ಎಂದು ಹೆಸರು. 1976ರಲ್ಲಿ ಅಲ್ಲಿ ಪಂದ್ಯಗಳು ಆರಂಭವಾದವು. 1977ರಲ್ಲಿ ಜೋ ಬ್ರೀಜ್ ಎಂಬಾತ ಇದೇ ಕೆಲಸಕ್ಕೆಂದು ಹೊಸ ಫ್ರೇಮು ಕಟ್ಟಿದ. 1996ರ ಅಟ್ಲಾಂಟಾ ಒಲಿಂಪಿಕ್ಸ್ ವೇಳೆಗೆ ಈ ಆಟಕ್ಕೆ ಪದಕವೂ ಬಂತು. ಇಳಿಯುವವರಿಗೆ ತೂಕ ಅಡ್ಡಿಯಾಗಿರಲಿಲ್ಲ. ಹತ್ತಬೇಕಾಗಿ ಬಂದಾಗಲೇ ಅದರ ಚಿಂತೆ ಹತ್ತಿಕೊಂಡದ್ದು.

ಒಂದು ಲೆಕ್ಕ ಮಾಡೋಣ. ನಿಮ್ಮ ತೂಕ 60 ಕಿಲೋ, ಸೈಕಲ್ಲಿನದು 14, ಒಟ್ಟು 74. ನೀವು 200 ಮೀಟರು ಎತ್ತರ ಏರುತ್ತಿದ್ದೀರಿ. ದ್ರವ್ಯರಾಶಿ, ಗುರುತ್ವ, ಎತ್ತರ ಈ ಮೂರನ್ನು ಗುಣಿಸಿದರೆ ಸುಮಾರು 1,45,000 ಜೂಲ್ ಶಕ್ತಿ ಬೇಕು. ನಿಮ್ಮ ಕಾಲುಗಳು ಒಂದೇ ಸಮನೆ 150 ವಾಟ್ ಕೊಡುತ್ತವೆ ಎನ್ನೋಣ. ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ 16 ನಿಮಿಷ ಹಿಡಿಯುತ್ತದೆ. ಸೈಕಲ್ಲಿನಿಂದ ಪೂರ್ತಿ ಒಂದು ಕಿಲೋ ತೆಗೆದರೆ ಉಳಿಯುವುದು ಎಷ್ಟು? ಸುಮಾರು 13 ಸೆಕೆಂಡು! ಕಾಲೇಜಿಗೆ ಹೋಗುವವರಿಗೆ ಅದು ಏನೂ ಅಲ್ಲ. ಪಂದ್ಯದಲ್ಲಿ ಹಾಗಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಟಾಮ್ ಪಿಡ್‌ಕಾಕ್ ಚಿನ್ನ ಗೆದ್ದದ್ದು 9 ಸೆಕೆಂಡುಗಳ ಅಂತರದಿಂದ. ಆದರೆ ಅದೇ ಓಟದ ನಡುವೆ ಟೈರು ಪಂಕ್ಚರ್ ಆಗಿ ಆತ ಕಳೆದುಕೊಂಡದ್ದು ಸುಮಾರು 40 ಸೆಕೆಂಡು. ಈ ಎರಡು ಅಂಕಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಹಗುರ ಮಾಡುವ ಭರದಲ್ಲಿ ಟೈರನ್ನು ತೀರ ತೆಳುವಾಗಿಸಿದರೆ ಗಳಿಸಿದ್ದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು.

ತೂಕ ಎಷ್ಟು ಎಂಬಷ್ಟೇ ಮುಖ್ಯವಾದದ್ದು ಅದು ಎಲ್ಲಿ ಕುಳಿತಿದೆ ಎಂಬುದು. ಸೀಟಿನ ಕೆಳಗಿನ 100 ಗ್ರಾಂ ಮುಂದಕ್ಕೆ ಸಾಗುತ್ತದೆ, ಅಷ್ಟೆ. ಟೈರಿನಲ್ಲಿರುವ 100 ಗ್ರಾಂ ಮುಂದಕ್ಕೂ ಸಾಗಬೇಕು, ಸುತ್ತಲೂ ತಿರುಗಬೇಕು. ನಿಮ್ಮ ಭೌತಶಾಸ್ತ್ರದ ಪುಸ್ತಕ ತೆರೆದು ನೋಡಿ: ಗಾಲಿಯ ಅಂಚಿನಲ್ಲಿರುವ ದ್ರವ್ಯರಾಶಿಯ ಚಲನಶಕ್ತಿ ಹೆಚ್ಚುಕಡಿಮೆ ಎರಡು ಪಟ್ಟು. ಕ್ರಾಸ್ ಕಂಟ್ರಿ ಓಟದಲ್ಲಿ ಪ್ರತಿ ತಿರುವಿಗೂ ಬ್ರೇಕು ಹಿಡಿಯಬೇಕು, ಮತ್ತೆ ವೇಗ ಪಡೆಯಬೇಕು. ಬ್ರೇಕು ಹಿಡಿದಾಗಲೆಲ್ಲ ಆ ಶಕ್ತಿ ಬಿಸಿಯಾಗಿ ಹೋಗುತ್ತದೆ. ಅಂಗಡಿಯವರು ಇದನ್ನೇ ಉಬ್ಬಿಸಿ ಗಾಲಿಯ ಒಂದು ಗ್ರಾಂ ಬೇರೆಡೆಯ ಐದು ಗ್ರಾಂಗೆ ಸಮ ಎಂದು ಹೇಳುವುದುಂಟು, ನಂಬಬೇಡಿ. ಒಂದೇ ವೇಗದಲ್ಲಿ ಏರು ಹತ್ತುವಾಗ ಗ್ರಾಂ ಎಲ್ಲಿದ್ದರೂ ಗ್ರಾಮೇ.

ಆದ್ದರಿಂದ ಕೆಲಸವನ್ನು ಗಾಲಿಯಿಂದಲೇ ಶುರುಮಾಡಿ. ಅಗ್ಗದ ಟೈರಿನ ಅಂಚಿನಲ್ಲಿ ಉಕ್ಕಿನ ತಂತಿ ಇರುತ್ತದೆ. ಒಳ್ಳೆಯ ಟೈರಿನಲ್ಲಿ ಅದರ ಬದಲು ಕೆವ್ಲಾರ್‌ನಂಥ ನಾರು. ಸ್ಟೆಫನಿ ಕ್ವೊಲೆಕ್ ಎಂಬ ರಸಾಯನ ವಿಜ್ಞಾನಿ 1965ರಲ್ಲಿ ಕಂಡುಕೊಂಡ, ಗುಂಡು ತಡೆಯುವ ಅಂಗಿಗಳಲ್ಲಿಯೂ ಬಳಸುವ ನಾರು ಅದು. ಇಂಥ ಟೈರನ್ನು ಬಟ್ಟೆಯಂತೆ ಮಡಚಿ ಚೀಲಕ್ಕೆ ಹಾಕಿಕೊಳ್ಳಬಹುದು. ಆಮೇಲೆ ಟ್ಯೂಬು. 29 ಅಂಗುಲದ ಗಾಲಿಯ ಮಾಮೂಲಿ ಟ್ಯೂಬು ಸುಮಾರು 200 ಗ್ರಾಂ ತೂಗುತ್ತದೆ. ಅದನ್ನು ತೆಗೆದು ರಿಮ್ಮಿಗೆ ಟೇಪು ಸುತ್ತಿ, ಟೈರಿನೊಳಗೆ ಸೀಲಂಟ್ ಎಂಬ ಅಂಟುದ್ರವ ಹಾಕಿದರೆ ಟ್ಯೂಬೇ ಬೇಡ. ಸಣ್ಣ ಮುಳ್ಳು ಚುಚ್ಚಿದರೆ ದ್ರವ ತಾನಾಗಿ ತೂತು ಮುಚ್ಚುತ್ತದೆ. ಗಾಳಿಯನ್ನೂ ಸ್ವಲ್ಪ ಕಡಿಮೆ ತುಂಬಿ ಹಿಡಿತ ಹೆಚ್ಚಿಸಿಕೊಳ್ಳಬಹುದು. ತೂಕ ಇಳಿಸಿ ಪಂಕ್ಚರನ್ನೂ ಕಡಿಮೆ ಮಾಡುವ ಉಪಾಯ ಇದೊಂದೇ ಎನ್ನಬಹುದು. ರಿಮ್ಮು, ಟೈರು ಎರಡೂ ಅದಕ್ಕೆಂದೇ ಮಾಡಿದವಾಗಿರಬೇಕು, ಅಷ್ಟೆ.

ಮುಂದಿನದು ಫೋರ್ಕು. ಅಗ್ಗದ ಸೈಕಲ್ಲಿನ ಉಕ್ಕಿನ ಸ್ಪ್ರಿಂಗಿನ ಫೋರ್ಕು ಎರಡೂವರೆ ಕಿಲೋದಷ್ಟು ತೂಗಬಹುದು. ಗಾಳಿ ತುಂಬುವ ಫೋರ್ಕು ಅದಕ್ಕಿಂತ ಸುಮಾರು ಒಂದು ಕಿಲೋ ಹಗುರ. ಕೊಳ್ಳುವ ಮೊದಲು ಫ್ರೇಮಿನ ಕತ್ತಿನ ಅಳತೆ, ಗಾಲಿಯ ಅಳತೆ, ಇರುಸಿನ ಅಳತೆ ಮೂರನ್ನೂ ಬರೆದುಕೊಂಡು ಹೋಗಿ. ಗೇರಿನಲ್ಲಿ ಹಿಂದೆ ಪೆಡಲಿನ ಬಳಿ ಮೂರು ಹಲ್ಲುಚಕ್ರಗಳಿರುತ್ತಿದ್ದವು. 2012ರಲ್ಲಿ ಸ್ರಾಮ್ ಕಂಪನಿ ಮುಂದೆ ಒಂದೇ ಚಕ್ರ, ಹಿಂದೆ 10 ಹಲ್ಲಿನಿಂದ 42 ಹಲ್ಲಿನವರೆಗೆ 11 ಚಕ್ರಗಳಿರುವ ಏರ್ಪಾಡು ತಂದಿತು. ಮುಂದಿನ ಗೇರು ಬದಲಿಸುವ ಸಾಧನ, ಅದರ ಗುಂಡಿ, ಕೇಬಲ್ಲು ಎಲ್ಲ ಒಟ್ಟಿಗೇ ಹೋದವು. ಕೆಡುವ ಭಾಗಗಳೂ ಕಡಿಮೆಯಾದವು.

ಫ್ರೇಮಿನ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಉಕ್ಕಿನ ಸಾಂದ್ರತೆ 7.8, ಅಲ್ಯೂಮಿನಿಯಮ್ಮಿನದು 2.7. ಹಾಗಾದರೆ ಉಕ್ಕಿನ ಕೊಳವೆಯನ್ನು ಅದೇ ಅಳತೆಯ ಅಲ್ಯೂಮಿನಿಯಂ ಕೊಳವೆಯಿಂದ ಬದಲಿಸಬಹುದಲ್ಲವೇ? ಬದಲಿಸಿದರೆ ತೂಕದಂತೆ ಬಿಗಿತವೂ ಮೂರರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ! ಪಾರಾಗುವ ದಾರಿ ಕೊಳವೆಯ ವ್ಯಾಸದಲ್ಲಿದೆ. ಗೋಡೆಯ ದಪ್ಪ ಅಷ್ಟೇ ಇಟ್ಟು ವ್ಯಾಸ ಎರಡರಷ್ಟು ಮಾಡಿದರೆ ತೂಕ ಎರಡರಷ್ಟಾಗುತ್ತದೆ, ಬಾಗದಂತೆ ತಡೆಯುವ ಬಿಗಿತ ಎಂಟರಷ್ಟಾಗುತ್ತದೆ. ಅಲ್ಯೂಮಿನಿಯಂ ಫ್ರೇಮುಗಳು ಉಬ್ಬಿದಂತೆ ಕಾಣುವುದು ಇದಕ್ಕೇ.

ಮುಟ್ಟಬಾರದ ಭಾಗಗಳು ಹ್ಯಾಂಡಲ್ಲು, ಅದನ್ನು ಹಿಡಿದ ಸ್ಟೆಮ್ಮು, ಸೀಟಿನ ಕಂಬ, ಬ್ರೇಕು. 1972ರಲ್ಲಿ ಎಡ್ಡಿ ಮರ್ಕ್ಸ್ ಮೆಕ್ಸಿಕೊ ನಗರದಲ್ಲಿ ಒಂದು ಗಂಟೆಯ ವಿಶ್ವದಾಖಲೆ ಮಾಡಿದ ಸೈಕಲ್ಲಿನ ಚೈನಿನಲ್ಲಿ ಕೂಡ ತೂತು ಕೊರೆದು ತೂಕ ಇಳಿಸಿದ್ದರು. ಅದು ನುಣುಪಾದ ಟ್ರ್ಯಾಕು, ಒಂದೇ ಗಂಟೆಯ ಕೆಲಸ, ಪಳಗಿದ ಕೈಗಳು. ಕಲ್ಲುಗುಡ್ಡದಲ್ಲಿ ತಿಂಗಳುಗಟ್ಟಲೆ ಓಡುವ ಸೈಕಲ್ಲಿಗೆ ಡ್ರಿಲ್ಲು ಹಿಡಿಯಬೇಡಿ. ಅಲ್ಯೂಮಿನಿಯಂ ಸಣ್ಣ ಪೆಟ್ಟುಗಳನ್ನೂ ಕೂಡಿಟ್ಟುಕೊಳ್ಳುತ್ತದೆ. ಮತ್ತೆಮತ್ತೆ ಬಾಗಿಸಿದ ತಂತಿಯಂತೆ ಒಂದು ದಿನ ತುಂಡಾಗುತ್ತದೆ. ಕಾರ್ಬನ್ ನಾರಿನ ಹ್ಯಾಂಡಲ್ಲಿಗೆ ಬೋಲ್ಟು ಅತಿಯಾಗಿ ಬಿಗಿದರೂ ಒಳಗೇ ಪದರ ಸೀಳುತ್ತದೆ. ಸ್ಟೆಮ್ಮಿನ ಮೇಲೆ ಎಷ್ಟು ನ್ಯೂಟನ್ ಮೀಟರು ಬಿಗಿಯಬೇಕೆಂದು ಬರೆದಿರುತ್ತದೆ, ಸಾಮಾನ್ಯವಾಗಿ 5ರ ಆಸುಪಾಸು. ಅಳತೆ ತೋರಿಸುವ ಟಾರ್ಕ್ ಸ್ಪ್ಯಾನರನ್ನು ಗೆಳೆಯರೆಲ್ಲ ಸೇರಿ ಒಂದು ಕೊಳ್ಳಿ.

ಜೋರಾಗಿ ಬಿದ್ದ ಮೇಲೆ ಹ್ಯಾಂಡಲ್ಲನ್ನು ಬಿಚ್ಚಿ, ಒರೆಸಿ, ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯ ಬಿರುಕು ಕಂಡರೂ ಅದನ್ನು ತಮ್ಮನ ಸೈಕಲ್ಲಿಗೆ ಹಾಕಿಕೊಡಬೇಡಿ. ಗರಗಸದಿಂದ ಎರಡು ತುಂಡು ಮಾಡಿ ಗುಜರಿಗೆ ಹಾಕಿ.