ಇನ್ಸುಲಿನ್ ಆರಂಭಿಸಿದವರಿಗೆ ಪಂಚಾಯಿತಿಯ ಆಸರೆ

ಮಾನ್ಯ ಅಧ್ಯಕ್ಷರೇ, ಸದಸ್ಯ ಬಂಧುಗಳೇ,

ಮಧುಮೇಹವೆಂದು ತಿಳಿದು ವೈದ್ಯರು ಇನ್ಸುಲಿನ್ ಬರೆದುಕೊಟ್ಟ ದಿನ ಅನೇಕರು ಧೃತಿಗೆಡುತ್ತಾರೆ. ಕೆಲವರು ಚುಚ್ಚುಮದ್ದಿನ ವಿಷಯವನ್ನೇ ಮುಚ್ಚಿಡುತ್ತಾರೆ. ಇನ್ಸುಲಿನ್ ಕೊನೆಗಾಲದ ಮದ್ದಲ್ಲ. ದೇಹದಲ್ಲಿ ಸಾಲದಾದುದನ್ನು ಹೊರಗಿನಿಂದ ತುಂಬುವ ಮದ್ದು. ಈ ಮಾತನ್ನು ಜನರು ತಮ್ಮಿಂದ ಕೇಳಲಿ.

ಅಳತೆಯ ವಿಷಯದಲ್ಲಿ ಎಚ್ಚರ ಅಗತ್ಯ. ಸೀಸೆಯ ಇನ್ಸುಲಿನ್ ನಮ್ಮಲ್ಲಿ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್. 100 ಯೂನಿಟ್‌ನದೂ ಉಂಟು. ಸೀಸೆಯ ಮೇಲಿನ ಸಂಖ್ಯೆಯೂ ಸಿರಿಂಜಿನ ಮೇಲಿನ ಸಂಖ್ಯೆಯೂ ಒಂದೇ ಆಗಿರಬೇಕು. ತಪ್ಪಿದರೆ ಪ್ರಮಾಣ ಎರಡೂವರೆ ಪಟ್ಟು ಏರುಪೇರಾಗುತ್ತದೆ. ಸಕ್ಕರೆ ಅಂಶ ಕುಸಿದು ಬೆವರು, ನಡುಕ ಕಂಡರೆ ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು.

ಫ್ರಿಜ್ ಇಲ್ಲದ ಮನೆಯವರು ಒಂದರೊಳಗೊಂದು ಮಡಕೆಯಿರಿಸಿ, ನಡುವೆ ಒದ್ದೆ ಮರಳು ತುಂಬಿ, ಬಳಕೆಯ ಸೀಸೆಯನ್ನು ಒಳಗೆ ತಂಪಾಗಿಡಬಹುದು.

ಇನ್ನೊಂದು ನಮ್ಮದೇ ಹೊಣೆ. ಬಳಸಿದ ಸೂಜಿ ಕಸದ ಚೀಲ ಸೇರಿದರೆ ಸ್ವಚ್ಛ ವಾಹಿನಿಯ ಸಹೋದರಿಯರ ಕೈಗೆ ಚುಚ್ಚುತ್ತದೆ. ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಡುವಂತೆ ತಿಳಿಹೇಳಿ, ಪ್ರತ್ಯೇಕವಾಗಿ ಸಂಗ್ರಹಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಹಕಾರದಿಂದ ವಿಲೇವಾರಿ ಮಾಡಲು ಮುಂದಿನ ಸಾಮಾನ್ಯ ಸಭೆಯಲ್ಲಿ ನಿರ್ಣಯ ಕೈಗೊಳ್ಳಬೇಕೆಂದು ವಿನಂತಿಸುತ್ತೇನೆ.